ಬಚ್ಚಲ ನೀರೂ ಹಿತ್ತಲ ತೋಟವೂ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ಬಳಿಯಲ್ಲಿಯೇ ಇರುವ ಪದಾರ್ಥಕ್ಕೆ ಜನರು ಬೆಲೆ ಕೊಡುವುದಿಲ್ಲವೆಂಬುದು ಇದರ ಭಾವ. ಗಿಡದ ವಿಷಯದಲ್ಲಿ ಈ ಮಾತು ಎಷ್ಟು ದಿಟವೋ, ಹಿತ್ತಲಿಗೆ ಹರಿದು ಬರುವ ಬಚ್ಚಲ ನೀರಿನ ವಿಷಯದಲ್ಲಿ ಅದಕ್ಕಿಂತಲೂ ಹೆಚ್ಚು ದಿಟವಾಗಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳ ಊರುಗಳಲ್ಲಿ ಎಷ್ಟೋ ಮನೆಗಳ ಹಿಂದೆ ಅಷ್ಟೋ ಇಷ್ಟೋ ನೆಲ, ಅದರ ಮೂಲೆಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಮೋರಿಯ ಬಾಯಲ್ಲಿ ಗುಂಪುಗೂಡಿದ ನಾಲ್ಕು ಬಾಳೆ ಇವು ಕಣ್ಣಿಗೆ ಬೀಳುತ್ತವೆ. ಮಿಕ್ಕ ನೆಲ ಬರಿದಾಗಿರುತ್ತದೆ. ನೀರಾದರೋ ಮೋರಿಯಿಂದ ಬೀದಿಗೆ ಹರಿದು, ಅಲ್ಲಿ ನಿಂತು ಕೆಸರಾಗಿ, ಸೊಳ್ಳೆಗಳನ್ನು ಸಾಕುತ್ತದೆ.

ತೋಟ ಮಾಡಬೇಕೆಂಬ ಆಸೆ ಗೃಹಸ್ಥರಿಗೆ ಇಲ್ಲವೆಂದು ಹೇಳಲಾಗದು. ಮುಂಗಾರು ಬಿದ್ದೊಡನೆ ಮನೆಮಂದಿಯೆಲ್ಲ ಸೇರಿ ಹಿತ್ತಲನ್ನು ಪೂರ್ತಿಯಾಗಿ ಅಗೆದು, ಸಂತೆಯಿಂದ ಬೀಜ ತಂದು, ಬದನೆ, ಬೆಂಡೆ, ಅವರೆ, ಹೀರೆ, ಕುಂಬಳಗಳನ್ನು ಹಾಕುವುದುಂಟು. ದಸರೆಯ ಹೊತ್ತಿಗೆ ಹಿತ್ತಲು ಹಸುರಾಗಿ ಕಂಗೊಳಿಸುತ್ತದೆ. ಸಂಕ್ರಾಂತಿಯವರೆಗೆ ಕಾಯಿಗಳು ದೊರೆಯುತ್ತವೆ. ಶಿವರಾತ್ರಿಗೆ ಎಲೆಗಳು ಬಾಡುತ್ತವೆ. ಯುಗಾದಿಗೆ ಒಣಗಿದ ಕಡ್ಡಿಗಳಲ್ಲದೆ ಬೇರೇನೂ ಉಳಿಯುವುದಿಲ್ಲ. ಮರುವರ್ಷ ಉತ್ಸಾಹ ಅರ್ಧವಾಗುತ್ತದೆ. ಮೂರನೆಯ ವರ್ಷ ಗುದ್ದಲಿ ಮೂಲೆ ಸೇರುತ್ತದೆ. ಇದಕ್ಕೆ ಮಣ್ಣನ್ನೋ ಬೀಜವನ್ನೋ ದೂರುವುದು ವಾಡಿಕೆ. ಪ್ರಾಯಶಃ ಇವೆರಡರಲ್ಲಿಯೂ ದೋಷವಿರುವುದಿಲ್ಲ. ತೋಟವನ್ನು ಮಳೆಗಾಲದಲ್ಲಿ ಕಣ್ಣಳತೆಯಿಂದ ಹರಡಿ, ಬೇಸಗೆಯಲ್ಲಿ ಅದಕ್ಕೆ ನೀರೊದಗಿಸಲು ಹೊರಡುವುದೇ ನಿಜವಾದ ದೋಷ.

ಈ ದೋಷದ ಭಾರ ಯಾರ ಮೇಲೆ ಬೀಳುವುದೆಂಬುದನ್ನೂ ಯೋಚಿಸತಕ್ಕದ್ದು. ಬೇಸಗೆಯಲ್ಲಿ ನಲ್ಲಿಗೆ ಎರಡು ಮೂರು ದಿನಗಳಿಗೊಮ್ಮೆ ನೀರು ಬರುವ ಊರುಗಳು ಹಲವಿವೆ. ಅಲ್ಲಿ ಗಿಡಗಳು ಬಾಡುತ್ತಿರುವುದನ್ನು ನೋಡಲಾರದೆ ನಾಲ್ಕು ಕೊಡ ಹೆಚ್ಚಾಗಿ ಹೊತ್ತು ತರುವವರು ಮನೆಯ ಹೆಂಗಸರು. ಬಿತ್ತಿದವರು ಮನೆಯವರೆಲ್ಲರೂ, ಸೊಂಟ ನೋಯುವುದು ಒಬ್ಬಳಿಗೆ. ಹೊಸದಾಗಿ ಹೊತ್ತು ತಂದ ನೀರನ್ನು ಬೇಡುವ ತೋಟವು ಬಯಲುಸೀಮೆಯಲ್ಲಿ ನಿಲ್ಲದಿರುವುದಕ್ಕೆ ಇದೊಂದೇ ಕಾರಣ ಸಾಕು. ಪಟ್ಟಣವಾಸಿಗಳಿಗೂ ಈ ಕಷ್ಟ ತಪ್ಪಿದ್ದಲ್ಲ. ೨೦೨೩ರ ಮುಂಗಾರು ಕೈಕೊಟ್ಟ ತರುವಾಯ, ೨೦೨೪ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ ೫೦೦೦ ರೂಪಾಯಿ ದಂಡವನ್ನು ವಿಧಿಸಿತು. ಒಮ್ಮೆ ಉಪಯೋಗಿಸಿದ ನೀರಿಗೆ ಆ ಆಜ್ಞೆಯಿಂದ ಯಾವ ಅಡ್ಡಿಯೂ ಇರಲಿಲ್ಲ. ಅದೇ ನಗರದ ಕೊಳೆನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಏರ್ಪಾಡು ೨೦೧೮ರಿಂದ ನಡೆದುಬಂದಿದೆ. ಊರಿನ ಮಟ್ಟದಲ್ಲಿ ಕೋಟ್ಯಂತರ ರೂಪಾಯಿ ವೆಚ್ಚದಿಂದ ನಡೆಯತಕ್ಕ ಕೆಲಸವನ್ನು ಮನೆಯ ಮಟ್ಟದಲ್ಲಿ ಒಂದು ಗುಂಡಿ, ಒಂದಿಷ್ಟು ಜಲ್ಲಿ, ಒಂದಿಷ್ಟು ಮರಳಿನಿಂದ ಮಾಡಿಕೊಳ್ಳಬಹುದು.

ಮೊದಲು ನೀರಿನ ಲೆಕ್ಕ

ಐದು ಜನರುಳ್ಳ ಒಂದು ಸಂಸಾರವನ್ನು ಭಾವಿಸಿಕೊಳ್ಳಬಹುದು. ಸ್ನಾನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಕೆಟ್ಟು, ಅಂದರೆ ಸುಮಾರು ೨೦ ಲೀಟರಿನಂತೆ ೧೦೦ ಲೀಟರು. ಪಾತ್ರೆ ತೊಳೆಯುವುದು, ಅಕ್ಕಿ ಬೇಳೆ ಸೊಪ್ಪುಗಳನ್ನು ತೊಳೆಯುವುದು, ಕೈಕಾಲು ಮುಖ ತೊಳೆಯುವುದು ಇವುಗಳಿಂದ ಸುಮಾರು ೪೦ ಲೀಟರು. ಒಟ್ಟು ದಿನಕ್ಕೆ ೧೪೦ ಲೀಟರು. ಇದು ಮಿತವ್ಯಯದ ಲೆಕ್ಕ. ಇದಕ್ಕಿಂತ ಕಡಿಮೆಯಾಗುವುದು ಅಪರೂಪ. ಬಯಲುಸೀಮೆಯ ಮಾರ್ಚ್ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮೇಲೆ ಹೊದಿಕೆ ಹಾಕಿದ ಕಾಯಿಪಲ್ಯದ ಮಡಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು ೫ ಲೀಟರು ನೀರು ಬೇಕಾಗುತ್ತದೆ. ಈ ಲೆಕ್ಕದಿಂದ ೧೪೦ ಲೀಟರು ನೀರು ೨೮ ಚದರ ಮೀಟರಿಗೆ, ಅಂದರೆ ಸುಮಾರು ೩೦೦ ಚದರಡಿಗೆ ಸಾಕು. ಹತ್ತಡಿ ಅಗಲ, ಮೂವತ್ತಡಿ ಉದ್ದದ ಒಂದು ತುಂಡು ನೆಲ. ಅಷ್ಟೇ ಆ ಸಂಸಾರದ ವರ್ಷಪೂರ್ತಿಯ ತೋಟ. ಹಿತ್ತಲು ಎಷ್ಟೇ ವಿಶಾಲವಾಗಿದ್ದರೂ ಬೇಸಗೆಯಲ್ಲಿ ಈ ಗೆರೆಯನ್ನು ದಾಟಕೂಡದು.

ಬಾಳೆ ಮೊದಲಾದ ದೊಡ್ಡ ಗಿಡಗಳನ್ನೂ ಈ ಲೆಕ್ಕದಲ್ಲಿಯೇ ಸೇರಿಸತಕ್ಕದ್ದು. ಒಂದು ಬಾಳೆಯ ಬುಡಕ್ಕೆ ಬೇಸಗೆಯಲ್ಲಿ ದಿನಕ್ಕೆ ೨೦ ಲೀಟರಿನಷ್ಟು ನೀರು ಬೇಕಾಗುವುದು. ಎರಡು ಬುಡ ಬಾಳೆ, ಎರಡು ಪರಂಗಿ ಗಿಡಗಳನ್ನು ಇಟ್ಟುಕೊಂಡರೆ ೫೫ ಲೀಟರು ಅವುಗಳಿಗೇ ಆಯಿತು. ಮಿಕ್ಕ ೮೫ ಲೀಟರಿನಲ್ಲಿ ಸುಮಾರು ೧೮೦ ಚದರಡಿ ಮಡಿಗಳನ್ನು ಸಾಕಬಹುದು. ಮೋರಿಯ ಬಾಯಲ್ಲಿ ಆರೇಳು ಬಾಳೆಗಳು ಒತ್ತಾಗಿ ಬೆಳೆದಿರುವ ಮನೆಗಳಲ್ಲಿ ಮಡಿಗಳಿಗೆ ನೀರು ಏಕೆ ಉಳಿಯುವುದಿಲ್ಲವೆಂಬುದು ಇದರಿಂದ ತಿಳಿದೀತು. ಅಷ್ಟೊಂದು ಬಾಳೆಗಳಿದ್ದರೂ ಗೊನೆಗಳು ಸಣ್ಣವಾಗಿರುವುದಕ್ಕೂ ಕಾರಣ ಇದೇ. ತಾಯಿಗಿಡದ ಬಳಿ ಒಂದು ಕಂದನ್ನು ಮಾತ್ರ ಬಿಟ್ಟು ಉಳಿದುವನ್ನು ಚಿಕ್ಕದಾಗಿರುವಾಗಲೇ ಕಡಿದು ಹಾಕಿದರೆ ಗೊನೆ ತುಂಬಿ ಬರುತ್ತದೆ. ಕಂದುಗಳನ್ನು ಕಡಿಯುವುದಕ್ಕೆ ಮನಸ್ಸು ಒಪ್ಪದಿರುವುದು ಸಹಜ, ಆದರೂ ಕಡಿಯತಕ್ಕದ್ದು.

ಬಚ್ಚಲ ನೀರನ್ನು ಹದಗೊಳಿಸುವುದು

ಹಿಂದಿನ ಕಾಲದ ಬಚ್ಚಲ ನೀರಿಗೂ ಈಗಿನದಕ್ಕೂ ಬಹಳ ವ್ಯತ್ಯಾಸವಿದೆ. ಸೀಗೆ, ಅಂಟುವಾಳ, ಕಡಲೆಹಿಟ್ಟುಗಳಿಂದ ಮೈ ತಲೆಗಳನ್ನು ತೊಳೆದು, ಬೂದಿಯಿಂದ ಪಾತ್ರೆ ಬೆಳಗುತ್ತಿದ್ದಾಗ ಆ ನೀರನ್ನು ಹಾಗೆಯೇ ಗಿಡಗಳಿಗೆ ಹಾಯಿಸಬಹುದಾಗಿತ್ತು. ಈಗಿನ ಸಾಬೂನು ಮತ್ತು ಬಟ್ಟೆ ಒಗೆಯುವ ಪುಡಿಗಳಲ್ಲಿ ಸೋಡಿಯಂ ಎಂಬ ಧಾತುವು ಹೆಚ್ಚಾಗಿರುತ್ತದೆ. ಇದು ಮಣ್ಣಿನಲ್ಲಿ ಸೇರುತ್ತ ಬಂದರೆ ಕಣಗಳ ಜೋಡಣೆ ಕೆಟ್ಟು, ನೆಲ ಒಣಗಿದಾಗ ಹಂಚಿನಂತೆ ಗಟ್ಟಿಯಾಗಿ, ನೆನೆದಾಗ ನೀರನ್ನು ಒಳಗೆ ಬಿಡದೆ, ಕೊನೆಗೆ ಚೌಳು ನೆಲದ ಸ್ಥಿತಿಗೆ ಇಳಿಯುತ್ತದೆ. ಆದಕಾರಣ ಬಟ್ಟೆ ಒಗೆದ ಮೊದಲನೆಯ ನೀರನ್ನು ತೋಟಕ್ಕೆ ಬಿಡತಕ್ಕದ್ದಲ್ಲ. ಜಾಲಿಸಿದ ಎರಡನೆಯ, ಮೂರನೆಯ ನೀರನ್ನು ಬಿಡಬಹುದು. ಫಿನಾಯಿಲು, ಬ್ಲೀಚಿಂಗ್ ಪುಡಿ, ಬಚ್ಚಲು ಉಜ್ಜುವ ಆಸಿಡ್ಡು ಇವುಗಳನ್ನು ಹಾಕಿದ ದಿನ ಮೋರಿಯನ್ನು ಬೇರೆ ಕಡೆಗೆ ತಿರುಗಿಸಬೇಕು. ಪಾಯಿಖಾನೆಯ ನೀರು ಯಾವ ಕಾರಣಕ್ಕೂ ಈ ಮೋರಿಗೆ ಸೇರಕೂಡದು.

ಮೋರಿಯ ಬಾಯಿಗೂ ಮಡಿಗಳಿಗೂ ನಡುವೆ ಒಂದು ಸೋಸುಗುಂಡಿಯನ್ನು ಮಾಡಿಕೊಳ್ಳುವುದು ಅವಶ್ಯಕ. ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಸಾಕು. ಗೋಡೆಯನ್ನೂ ತಳವನ್ನೂ ಇಟ್ಟಿಗೆ ಗಾರೆಗಳಿಂದ ಕಟ್ಟಿ, ತಳದಲ್ಲಿ ಗುಂಡುಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ದಪ್ಪ ಮರಳನ್ನು ತುಂಬಿ, ನೀರು ಒಂದು ಕಡೆ ಮೇಲಿನಿಂದ ಬಿದ್ದು, ಇನ್ನೊಂದು ಕಡೆ ತಳದಿಂದ ಹೊರಬೀಳುವಂತೆ ಕೊಳವೆಯನ್ನಿಡಬೇಕು. ಹೊರಬಿದ್ದ ನೀರು ತಾನಾಗಿಯೇ ಮಡಿಗೆ ಹರಿಯಬೇಕಾದರೆ ಬಚ್ಚಲು ಎತ್ತರದಲ್ಲಿಯೂ ತೋಟ ತಗ್ಗಿನಲ್ಲಿಯೂ ಇರಬೇಕು. ಹಾಗಿಲ್ಲದ ಹಿತ್ತಲುಗಳಲ್ಲಿ ಒಂದು ಸಣ್ಣ ತೊಟ್ಟಿಯಲ್ಲಿ ಹಿಡಿದು ಚೊಂಬಿನಿಂದಲೋ ಕೊಡದಿಂದಲೋ ಎತ್ತಿ ಹಾಕಬೇಕಾಗುವುದು. ಒಳಬೀಳುವ ಕಡೆ ಒಂದು ಹಿಡಿ ತೆಂಗಿನ ನಾರನ್ನು ಇಟ್ಟರೆ ಕೂದಲು, ಜಿಡ್ಡು, ಅನ್ನದ ಅಗುಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ವಾರಕ್ಕೊಮ್ಮೆ ಆ ನಾರನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಬೇರೆ ನಾರನ್ನು ಇಡತಕ್ಕದ್ದು. ಗುಂಡಿ ಕಟ್ಟಿದವರು ಈ ವಾರದ ಕೆಲಸವನ್ನು ಮರೆಯುವುದೇ ಹೆಚ್ಚು. ಮರೆತರೆ ತಿಂಗಳೊಳಗೆ ಮರಳು ಜಿಡ್ಡುಗಟ್ಟಿ, ನೀರು ಮೇಲೆಯೇ ನಿಂತು ನಾರುತ್ತದೆ. ಗುಂಡಿಯ ಮೇಲೆ ಚಪ್ಪಡಿ ಮುಚ್ಚಿರಬೇಕು. ಸೋಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ತೊಟ್ಟಿಯಲ್ಲಿ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ದುರ್ವಾಸನೆಯೂ ಸೊಳ್ಳೆಯ ಮರಿಗಳೂ ತಪ್ಪಿದ್ದಲ್ಲ.

ನೀರನ್ನು ಪ್ರತಿದಿನವೂ ಒಂದೇ ಮಡಿಗೆ ಹಾಯಿಸದೆ ಸರದಿಯ ಮೇಲೆ ಹಾಯಿಸುವುದು ಯುಕ್ತ. ಎಲೆಗಳ ಮೇಲೆ ಎರಚದೆ ಬುಡದ ಮಣ್ಣಿಗೆ ಬಿಡಬೇಕು. ಕೊತ್ತಂಬರಿ, ಮೂಲಂಗಿ, ಈರುಳ್ಳಿ, ಸೌತೆ ಮೊದಲಾಗಿ ಹಸಿಯಾಗಿ ತಿನ್ನತಕ್ಕ ಪದಾರ್ಥಗಳಿಗೆ ಈ ನೀರು ಬೇಡ. ಅಕ್ಕಿ, ಬೇಳೆ, ಸೊಪ್ಪುಗಳನ್ನು ತೊಳೆದ ನೀರನ್ನು ಬೇರೊಂದು ಬಕೆಟ್ಟಿನಲ್ಲಿ ಹಿಡಿದಿಟ್ಟು ಅವುಗಳಿಗೆ ಹಾಕಬಹುದು. ದನವಿರುವ ಮನೆಗಳಲ್ಲಿ ಅಕ್ಕಿ ತೊಳೆದ ಕಲಗಚ್ಚು ದನಕ್ಕೆ ಸಲ್ಲುವುದು. ಅದನ್ನು ತಪ್ಪಿಸಿ ಗಿಡಕ್ಕೆ ಹಾಕುವುದು ಸರಿಯಲ್ಲ. ಮಡಿಯ ಮೇಲ್ಭಾಗದಲ್ಲಿ ಬೆಳ್ಳನೆಯ ಪೊರೆ ಕಂಡರೆ ಉಪ್ಪು ಸೇರುತ್ತಿದೆಯೆಂದು ತಿಳಿದು, ಆ ಮಡಿಯನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟು, ಮಳೆಯ ನೀರಿನಿಂದ ತೊಳೆದುಹೋಗುವಂತೆ ಮಾಡತಕ್ಕದ್ದು. ಮನೆಯ ಮಾಳಿಗೆಯ ನೀರನ್ನು ಆ ಕಡೆಗೆ ತಿರುಗಿಸಿದರೆ ಕೆಲಸ ಇನ್ನೂ ಬೇಗ ಆಗುವುದು. ೬೦ ಚದರ ಮೀಟರಿನ ಮಾಳಿಗೆಯ ಮೇಲೆ ೧೦ ಮಿಲಿಮೀಟರ್ ಮಳೆ ಬಿದ್ದರೆ ೬೦೦ ಲೀಟರು ನೀರಾಗುತ್ತದೆ.

ಗಿಡಗಳ ಆಯ್ಕೆ

ಎಲ್ಲ ಗಿಡಗಳೂ ಬಚ್ಚಲ ನೀರನ್ನು ಒಂದೇ ರೀತಿಯಲ್ಲಿ ಸಹಿಸುವುದಿಲ್ಲ. ತೆಂಗಿಗೆ ಉಪ್ಪಿನ ಭಯವಿಲ್ಲ. ಪಾಲಕ್, ಬೀಟ್‌ರೂಟುಗಳೂ ತಕ್ಕಮಟ್ಟಿಗೆ ತಡೆಯುತ್ತವೆ. ನಿಂಬೆಯೂ ಹುರುಳಿಕಾಯಿಯೂ ತಡೆಯಲಾರವು. ಎಲೆಯ ಅಂಚು ಸುಟ್ಟಂತಾಗಿ ಸೊರಗುತ್ತವೆ. ನಿಂಬೆಯ ಗಿಡವನ್ನು ಮೋರಿಯಿಂದ ದೂರದಲ್ಲಿ ನೆಟ್ಟು, ಅದರ ಪಕ್ಕದಲ್ಲಿ ಸುಟ್ಟ ಮಣ್ಣಿನ ಒಂದು ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ನಾಲ್ಕು ದಿನಗಳಿಗೊಮ್ಮೆ ಒಳ್ಳೆಯ ನೀರನ್ನು ತುಂಬಿ, ಬಾಯಿ ಮುಚ್ಚಿಡುವುದು ಬಹಳ ಮಿತವಾದ ಉಪಾಯ. ಗಡಿಗೆಯ ಮೈಯಿಂದ ನೀರು ಮೆಲ್ಲಮೆಲ್ಲನೆ ಜಿನುಗಿ ಬೇರುಗಳಿಗೆ ಸೇರುತ್ತದೆ. ಈ ಗಡಿಗೆಗೆ ಬಚ್ಚಲ ನೀರನ್ನು ತುಂಬತಕ್ಕದ್ದಲ್ಲ. ಜಿಡ್ಡಿನಿಂದ ಅದರ ಸೂಕ್ಷ್ಮರಂಧ್ರಗಳು ಮುಚ್ಚಿಹೋಗುತ್ತವೆ.

ಮೋರಿಯ ಬಾಯಲ್ಲಿ ಬಾಳೆ ಇರಬಹುದು, ಪರಂಗಿ ಇರಕೂಡದು. ಪರಂಗಿಗೆ ನೀರು ಬೇಕು, ಆದರೆ ನಿಂತ ನೀರು ಮೃತ್ಯು. ಒಂದೆರಡು ದಿನ ಬುಡದಲ್ಲಿ ನೀರು ನಿಂತರೂ ಕಾಂಡ ಕೊಳೆತು ಗಿಡ ಒರಗುತ್ತದೆ. ಅದನ್ನು ಒಂದೂವರೆ ಅಡಿಯ ಗುಂಡಿ ತೆಗೆದು, ಬುಡದ ಮಣ್ಣನ್ನು ಏರಿಸಿ, ಸುತ್ತಲೂ ಉಂಗುರದಂತೆ ಕಾಲುವೆ ಮಾಡಿ ಅಲ್ಲಿ ನೀರು ಬಿಡಬೇಕು. ಹೆಸರಿನಿಂದಲೇ ಪರದೇಶದ್ದೆಂದು ತೋರುವ ಈ ಹಣ್ಣು ಅಮೆರಿಕಾ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಮೆಣಸಿನಕಾಯಿ, ಟೊಮ್ಯಾಟೊ, ಸೀಬೆಗಳ ಮೂಲವೂ ಆ ಖಂಡವೇ. ಹೀಗಿರುವಲ್ಲಿ ಇವನ್ನು ಬಿಟ್ಟು ಈ ಸೀಮೆಯ ಹಿತ್ತಲನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಪರಂಗಿಯಲ್ಲಿ ಸಾಮಾನ್ಯವಾಗಿ ಗಂಡುಗಿಡ, ಹೆಣ್ಣುಗಿಡ ಎಂದು ಬೇರೆಬೇರೆ. ಹೂ ಬಿಡುವವರೆಗೆ ಇವನ್ನು ಗುರುತಿಸಲಾಗದು. ಆದ್ದರಿಂದ ಗುಂಡಿಗೆ ಮೂರು ಸಸಿಗಳನ್ನು ನೆಟ್ಟು, ಹೂ ಬಿಟ್ಟ ಮೇಲೆ ಒಂದು ಹೆಣ್ಣುಗಿಡವನ್ನು ಉಳಿಸಿಕೊಂಡು ಮಿಕ್ಕವನ್ನು ಕೀಳತಕ್ಕದ್ದು. ನೆರೆಹೊರೆಯಲ್ಲಿ ಒಂದು ಗಂಡುಗಿಡವಿದ್ದರೆ ಸಾಕು. ಕೂರ್ಗ್ ಹನಿಡ್ಯೂ, ಸೂರ್ಯ ಎಂಬ ತಳಿಗಳಲ್ಲಿ ಗಂಡುಗಿಡಗಳೇ ಇಲ್ಲದಿರುವುದರಿಂದ ಚಿಕ್ಕ ಹಿತ್ತಲಿಗೆ ಅವು ಹೆಚ್ಚು ಅನುಕೂಲ.

ಬಾಳೆಯಲ್ಲಿ ಪಚ್ಚಬಾಳೆ ಗಿಡ್ಡಾಗಿ ಬೆಳೆದು ಗಾಳಿಗೆ ಬೀಳದು. ರಸಬಾಳೆಯ ರುಚಿಗೆ ಸಮನಾದದ್ದಿಲ್ಲವಾದರೂ, ಪನಾಮ ಸೊರಗುರೋಗದಿಂದ ನಂಜನಗೂಡಿನ ಸುತ್ತಮುತ್ತಲೇ ಅದು ಅಪರೂಪವಾಗಿದೆ. ರೋಗ ಹತ್ತಿದ ತೋಟದಿಂದ ತಂದ ಕಂದಿನೊಡನೆ ರೋಗವೂ ಹಿತ್ತಲಿಗೆ ಬರುವುದೆಂಬುದನ್ನು ನೆನಪಿನಲ್ಲಿಡಬೇಕು. ಮಾವು, ಹಲಸುಗಳನ್ನು ಚಿಕ್ಕ ಹಿತ್ತಲಿನಲ್ಲಿ ನೆಡುವುದು ಪ್ರೀತಿಯಿಂದ ಮಾಡುವ ತಪ್ಪು. ಹತ್ತು ವರ್ಷಗಳ ತರುವಾಯ ಮರ ಉಳಿಯುತ್ತದೆ, ತೋಟ ಉಳಿಯುವುದಿಲ್ಲ. ಹಣ್ಣಿನ ಗಿಡವೊಂದು ಬೇಕೇಬೇಕೆಂದಿದ್ದರೆ ಸೀಬೆಯನ್ನು ನೆಟ್ಟು, ಪ್ರತಿವರ್ಷವೂ ಕೊಂಬೆಗಳನ್ನು ಸವರಿ ಆಳೆತ್ತರದಲ್ಲಿ ನಿಲ್ಲಿಸಬಹುದು.

ನುಗ್ಗೆ ಬೇರೂರಿದ ಮೇಲೆ ನೀರನ್ನೇ ಬೇಡದು. ವಾಯವ್ಯದ ಮೂಲೆಯಲ್ಲಿ ನೆಟ್ಟರೆ ಅದರ ನೆರಳು ಬೇಸಗೆಯ ಸಂಜೆಯ ಬಿಸಿಲನ್ನು ಮಾತ್ರ ತಡೆದು, ಮಾಗಿಯ ಬಿಸಿಲಿಗೆ ಅಡ್ಡಬಾರದು. ಅದರ ಕೊಂಬೆಗಳು ಪೆಡಸು. ಮಾಡಿನ ಮೇಲೆ ಚಾಚಿಕೊಳ್ಳದಂತೆ ಕಡಿಯುತ್ತಿರಬೇಕು. ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿಹುಳುಗಳು ಹಗಲೆಲ್ಲ ಗುಂಪಾಗಿ ಅಂಟಿಕೊಂಡಿರುತ್ತವೆ. ಮನೆಯ ಮುಂದೆ ನುಗ್ಗೆ ಇರಬಾರದೆಂಬ ಹಿರಿಯರ ಮಾತಿಗೆ ಪ್ರಾಯಶಃ ಈ ಹುಳುಗಳೂ ಮುರಿದು ಬೀಳುವ ಕೊಂಬೆಗಳೂ ಕಾರಣವಾಗಿದ್ದಾವು. ಹಗಲಿನಲ್ಲಿ ಗುಂಪುಗೂಡಿರುವಾಗ ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಹೊತ್ತಿಸಿದ ಪಂಜನ್ನು ಒಂದು ಕ್ಷಣ ಹಿಡಿದರೆ ನಾಶವಾಗುತ್ತವೆ. ತೊಗಟೆ ಸುಡದಂತೆಯೂ ಮಾಡಿಗೆ ಬೆಂಕಿ ತಾಗದಂತೆಯೂ ಎಚ್ಚರವಿರತಕ್ಕದ್ದು.

ಸೊಪ್ಪಿನ ಮಡಿ

ಮುನ್ನೂರು ಚದರಡಿಯಿಂದ ಮನೆಗೆ ಬೇಕಾದ ಕಾಯಿಪಲ್ಯವೆಲ್ಲವೂ ದೊರೆಯುವುದೆಂದು ಹೇಳುವುದು ಸುಳ್ಳಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೧೧ರ ಆಹಾರಸೂಚಿಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ ೩೦೦ ಗ್ರಾಂ ಕಾಯಿಪಲ್ಯ ಬೇಕು. ಐದು ಜನರಿಗೆ ಒಂದೂವರೆ ಕಿಲೋ ಆಯಿತು. ಅಷ್ಟನ್ನು ಈ ತೋಟ ಕೊಡಲಾರದು. ಆದರೆ ಆ ಮುನ್ನೂರರಲ್ಲಿ ೫೦ ಗ್ರಾಂ ಸೊಪ್ಪಾಗಿರಬೇಕೆಂದು ಸೂಚಿಸಿದೆಯಷ್ಟೆ. ಇದನ್ನು ಮಾತ್ರ ಪೂರ್ತಿಯಾಗಿ ಹಿತ್ತಲಿನಿಂದಲೇ ಪಡೆಯಬಹುದು. ಚೆನ್ನಾಗಿ ಗೊಬ್ಬರ ಕೊಟ್ಟ ದಂಟಿನ ಮಡಿಯಿಂದ ತಿಂಗಳಿಗೆ ಚದರ ಮೀಟರಿಗೆ ಒಂದು ಕಿಲೋ ಸೊಪ್ಪನ್ನು ನಿರೀಕ್ಷಿಸಿದರೆ ಅತಿಯಲ್ಲ. ೮೦ ಚದರಡಿಯಿಂದ ಏಳು ಕಿಲೋವಿಗೆ ಮೀರಿ, ಅಂದರೆ ದಿನಕ್ಕೆ ಸುಮಾರು ೨೫೦ ಗ್ರಾಂ ದೊರೆಯುತ್ತದೆ; ಐದು ಜನರ ಪಾಲಿಗೆ ಸರಿಯಾಯಿತು. ಸೊಪ್ಪನ್ನು ಕಾಣದ ಮನೆಯ ಮಕ್ಕಳಿಗೆ ಏ ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುವ ಭಯವುಂಟು. ಕೊರತೆ ಮುಂದುವರಿದರೆ ಕಣ್ಣೇ ಹೋಗುವುದೂ ಉಂಟು. ದಂಟು, ನುಗ್ಗೆಸೊಪ್ಪು, ಬಸಳೆಗಳಲ್ಲಿ ಆ ಜೀವಸತ್ವವಾಗಿ ಮಾರ್ಪಡುವ ಪದಾರ್ಥ ಸಮೃದ್ಧವಾಗಿರುವಾಗ, ಮೋರಿಯ ನೀರು ಬೀದಿಗೆ ಹರಿಯುತ್ತಿರುವ ಮನೆಯಲ್ಲಿ ಮಗುವು ಮುಸ್ಸಂಜೆಯಲ್ಲಿ ತಡವರಿಸುವುದು ವಿಷಾದಕರವಾದ ಸಂಗತಿ.

ಸೊಪ್ಪಿನ ಬೀಜವನ್ನೆಲ್ಲ ಒಂದೇ ದಿನ ಚೆಲ್ಲುವುದರಿಂದ ಒಂದು ವಾರ ತಿನ್ನಲಾರದಷ್ಟು ಸೊಪ್ಪು, ಅನಂತರ ಮೂರು ವಾರ ಏನೂ ಇಲ್ಲದ ಸ್ಥಿತಿ ಬರುತ್ತದೆ. ೮೦ ಚದರಡಿಯನ್ನು ನಾಲ್ಕು ಮಡಿಗಳಾಗಿ ಮಾಡಿ, ವಾರಕ್ಕೊಂದು ಮಡಿಯಂತೆ ಬಿತ್ತುತ್ತ ಹೋದರೆ, ನಾಲ್ಕನೆಯದನ್ನು ಬಿತ್ತಿದ ಮರುವಾರ ಮೊದಲನೆಯದು ಕೀಳುವುದಕ್ಕೆ ಬಂದಿರುತ್ತದೆ. ದಂಟಿನ ಬೀಜ ಬಹು ಸಣ್ಣದು; ಅದರ ಹತ್ತರಷ್ಟು ಮರಳಿನೊಡನೆ ಬೆರೆಸಿ ಚೆಲ್ಲಿದರೆ ಸಮನಾಗಿ ಬೀಳುತ್ತದೆ. ಮಡಿಯ ಅಂಚಿಗೆ ಬೂದಿ ಉದುರಿಸದಿದ್ದರೆ ಇರುವೆಗಳು ರಾತ್ರಿಯೊಳಗೆ ಬೀಜವನ್ನು ಸಾಗಿಸಿಬಿಡುತ್ತವೆ. ಕೊತ್ತಂಬರಿಯ ಬೀಜವನ್ನು ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಬಸಳೆಯ ಕಡ್ಡಿಯನ್ನು ಮೋರಿಯ ಬಳಿ ಊರಿ ಚಪ್ಪರಕ್ಕೆ ಹಬ್ಬಿಸಿದರೆ ಬೇರೆ ಸೊಪ್ಪು ಸೊರಗುವ ಬಿರುಬೇಸಗೆಯಲ್ಲಿಯೂ ಅದು ಕೈಬಿಡದು.

ಬೇಲಿಯ ಸಾಲಿಗೆ ಚಕ್ರಮುನಿ ಸೊಪ್ಪನ್ನು ನೆಡುವ ಪದ್ಧತಿ ಈಚೆಗೆ ಹೆಚ್ಚಾಗಿದೆ. ಬೇಯಿಸಿ ಮಿತವಾಗಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಆದರೆ ಮೈ ಇಳಿಸುವ ಆಸೆಯಿಂದ ಇದರ ಹಸಿ ರಸವನ್ನು ಪ್ರತಿದಿನವೂ ಹೆಚ್ಚಾಗಿ ಕುಡಿದ ಹಲವು ಜನರು ೧೯೯೪–೯೫ರಲ್ಲಿ ತೈವಾನ್ ದೇಶದಲ್ಲಿ ಶ್ವಾಸಕೋಶದ ವಾಸಿಯಾಗದ ಬೇನೆಗೆ ಗುರಿಯಾದರು. ಒಳ್ಳೆಯ ಸೊಪ್ಪೆಂದ ಮಾತ್ರಕ್ಕೆ ಹಸಿಯಾಗಿ ಅರೆದು ಕುಡಿಯತಕ್ಕದ್ದಲ್ಲ.

ಗೆರೆಯಾಚೆಯ ನೆಲ

ಮುನ್ನೂರು ಚದರಡಿಗೆ ಮೀರಿದ ಹಿತ್ತಲು ಬರಿದಾಗಿರಬೇಕೆಂದು ಅರ್ಥವಲ್ಲ. ಅದು ಮಳೆಯ ಪಾಲಿನದು. ಈ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು ೬೦೦ರಿಂದ ೮೦೦ ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳದೇ ದೊಡ್ಡ ಪಾಲು. ಡಿಸೆಂಬರಿನಿಂದ ಮಾರ್ಚಿಯವರೆಗೆ ಬೀಳುವುದು ಅತ್ಯಲ್ಪ. ಆಷಾಢದಲ್ಲಿ ಬಿತ್ತಿ ಸಂಕ್ರಾಂತಿಯೊಳಗೆ ಮುಗಿಯುವ ಬೆಳೆಗಳನ್ನು ಮಾತ್ರ ಅಲ್ಲಿ ಹಾಕಿ, ಅವು ಮುಗಿದಾಗ ಮರುಕವಿಲ್ಲದೆ ಕಿತ್ತು, ನೆಲಕ್ಕೆ ತರಗೆಲೆ ಹೊದಿಸಿ ಬಿಟ್ಟುಬಿಡತಕ್ಕದ್ದು. ಇವುಗಳಲ್ಲಿ ಅವರೆಗೆ ಮೊದಲ ಮರ್ಯಾದೆ. ಸ್ಥಳೀಯ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವುದು. ಎಷ್ಟು ಮುಂಚೆ ಬಿತ್ತಿದರೂ ಮಾಗಿಗೆ ಮೊದಲು ಕಾಯಿ ಕಾಣದು. ಸೊಗಡಿನ ಕಾಯಿ ಬೇಕಾದವರು ಇದನ್ನೇ ಹಾಕಬೇಕು. ಹೆಬ್ಬಾಳದ ವ್ಯವಸಾಯ ವಿಶ್ವವಿದ್ಯಾನಿಲಯದಿಂದ ಬಂದ ಹೆಬ್ಬಾಳ ಅವರೆಯ ತಳಿಗಳು ಕಾಲಭೇದವಿಲ್ಲದೆ ಹೂ ಬಿಡುತ್ತವೆ. ಅನುಕೂಲ ಅವುಗಳದು, ಸೊಗಡು ಹಳೆಯದರದು.

ಬಳ್ಳಿಗಳ ವಿಷಯದಲ್ಲಿ ಒಂದು ದೂರು ಪ್ರತಿವರ್ಷವೂ ಕೇಳಿಬರುತ್ತದೆ. ಹೂ ತುಂಬ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲವೆಂಬುದೇ ಅದು. ಕುಂಬಳ, ಸೋರೆ, ಹೀರೆಗಳಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆಬೇರೆ. ಮೊದಲ ಒಂದೆರಡು ವಾರ ಗಂಡುಹೂಗಳೇ ಬಿಡುತ್ತವೆ. ಆಗ ಬಳ್ಳಿಯನ್ನು ಬಂಜೆಯೆಂದು ಕಿತ್ತುಹಾಕುವುದು ಅವಿವೇಕ. ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರವಿದ್ದರೆ ಅದು ಹೆಣ್ಣು. ಜೇನುನೊಣಗಳು ವಿರಳವಾಗಿರುವ ಪಟ್ಟಣಗಳಲ್ಲಿ ಒಂದು ಗಂಡುಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಹೆಣ್ಣುಹೂವಿನ ನಡುವೆ ಮೆಲ್ಲನೆ ಸವರಬೇಕು. ವೇಳೆ ಮಾತ್ರ ಮುಖ್ಯ. ಸಿಹಿಗುಂಬಳದ ಹೂ ಬೆಳಗಿನ ಜಾವದಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚುತ್ತದೆ. ಹೀರೆ, ಸೋರೆಗಳು ಸಂಜೆ ಅರಳುತ್ತವೆ. ಹೀರೆಯನ್ನು ಬೆಳಗ್ಗೆ ಸವರಿ ಫಲವಾಗಲಿಲ್ಲವೆಂದು ದೂರುವವರೂ ಇದ್ದಾರೆ. ಕಚ್ಚಿದ ಎಳೆಗಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣದ ಕಾಟ ತಪ್ಪುವುದು. ಕೊಳೆತು ಬಿದ್ದ ಕಾಯಿಗಳನ್ನು ಅಲ್ಲಿಯೇ ಬಿಡದೆ ಮೊಳದಾಳಕ್ಕೆ ಹೂಳಬೇಕು.

ಗೊಬ್ಬರದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅಡಿಗೆಮನೆಯ ಸಿಪ್ಪೆ ಸೆದೆ, ಉದುರಿದ ಎಲೆ, ಸಿಕ್ಕಿದರೆ ಒಂದಿಷ್ಟು ಸಗಣಿ ಇವನ್ನು ನೆರಳಿನಲ್ಲಿ ಪದರಪದರವಾಗಿ ಒಟ್ಟಿ, ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪಾದ ಪುಡಿ ಗೊಬ್ಬರವಾಗುವುದು. ಹಸಿಯ ಸಗಣಿಯನ್ನು ನೇರವಾಗಿ ಮಡಿಗೆ ಹಾಕಿದರೆ ಗೊಣ್ಣೆಹುಳು ಸೇರಿಕೊಂಡು ಬೇರು ತಿನ್ನುತ್ತದೆ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು. ಒಂದರ ಮಡಿಯಲ್ಲಿ ಮತ್ತೊಂದನ್ನು ಹಾಕುವುದರಿಂದ ಬೇರುಗಂಟಿನ ಜಂತುಗಳು ಬಲಿಯುತ್ತವೆ. ನಡುವೆ ಒಂದು ಬೆಳೆ ಚೆಂಡುಹೂವನ್ನು ಹಾಕಿದರೆ ಜಂತುಗಳು ತಗ್ಗುತ್ತವೆ, ಹಬ್ಬಕ್ಕೆ ಹೂವೂ ಆಗುತ್ತದೆ. ಬದನೆಯ ತುದಿಚಿಗುರು ಜೋತುಬಿದ್ದಿದ್ದರೆ ಒಳಗೆ ಕೊರೆಯುವ ಹುಳುವಿದೆಯೆಂದು ತಿಳಿದು, ಚಿವುಟಿ ಬೆಂಕಿಗೆ ಹಾಕತಕ್ಕದ್ದು. ಬೆಂಡೆಯ ಎಲೆಗಳಲ್ಲಿ ಹಳದಿ ನರ ಕಾಣಿಸುವ ರೋಗಕ್ಕೆ ಔಷಧವಿಲ್ಲ; ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯು ಈ ರೋಗವನ್ನು ತಕ್ಕಮಟ್ಟಿಗೆ ತಡೆಯುವುದು.

ಬೀಜವನ್ನು ಪ್ರತಿವರ್ಷವೂ ಕೊಳ್ಳಬೇಕಾದ ಅಗತ್ಯವಿಲ್ಲ. ಸಂಕರತಳಿಗಳನ್ನು ಬಿಟ್ಟರೆ ಮಿಕ್ಕವುಗಳ ಬೀಜವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮೊದಲು ಬಿಟ್ಟ ಕಾಯಿಗಳಲ್ಲಿ ಎಲ್ಲಕ್ಕಿಂತ ಚೆನ್ನಾದ ಒಂದೆರಡಕ್ಕೆ ದಾರ ಕಟ್ಟಿ, ಯಾರೂ ಕೀಳದಂತೆ ಗುರುತು ಮಾಡಿ, ಗಿಡದಲ್ಲಿಯೇ ಬಲಿಯಲು ಬಿಡಬೇಕು. ಕಾ‌ಯಿಗಳು ಕಡಮೆಯಾದ ಮೇಲೆ ಉಳಿದ ಕೊನೆಯ ಕುರುಡುಗಾಯಿಯನ್ನು ಬೀಜಕ್ಕೆ ಬಿಡುವುದು ಸಾಮಾನ್ಯವಾದ ತಪ್ಪು. ಹಿಂದೆ ಬಲಿತ ಹೀರೆ, ಸೋರೆಗಳನ್ನು ಹಾಗೆಯೇ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕುತ್ತಿದ್ದರು. ಹೊಗೆಗೆ ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಹೊಗೆಯ ಒಲೆಗಳು ಕಡಮೆಯಾಗಿರುವುದರಿಂದ, ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಬೂದಿಯೊಡನೆ ಗಾಜಿನ ಶೀಸೆಯಲ್ಲಿ ತುಂಬಿ, ಬಿರಡೆ ಬಿಗಿದು, ಬೀಜದ ಹೆಸರನ್ನೂ ಕಿತ್ತ ತಿಂಗಳನ್ನೂ ಬರೆದ ಚೀಟಿಯನ್ನು ಅಂಟಿಸಿ, ತಂಪಾದ ಕತ್ತಲೆಯ ಕಡೆ ಇಡತಕ್ಕದ್ದು.